ಪ್ರೋಗ್ರಾಮುಗಳಿಗೆ ಹೆಸರಿಡುವ ಕ್ರಮ: ಹೊಸಬರಿಗೆ ಹಂತ ಹಂತವಾಗಿ

ಕಬ್ಬು ನುರಿಸುವ ಹಂಗಾಮು ಶುರುವಾಗಿ ತಿಂಗಳಾಗಿತ್ತು. ನಾನು ಆಗ ಉತ್ತರ ಕರ್ನಾಟಕದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಕಬ್ಬು ಬಂದ 14 ದಿನದೊಳಗೆ ರೈತರಿಗೆ ದುಡ್ಡು ಸಲ್ಲಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಾಗಾಗಿ ವಾರದ ಬಿಲ್ಲುಗಳನ್ನು ರಾತ್ರಿ ಪಾಳಿಯಲ್ಲೇ ಮುದ್ರಿಸಿ ಬೆಳಿಗ್ಗೆ ಕೌಂಟರಿಗೆ ಕಳಿಸುವುದು ರೂಢಿ. ಆ ರಾತ್ರಿ ಆಪರೇಟರ್ ಫೈಲುಗಳ ಪಟ್ಟಿ ತೆರೆದ. ಪರದೆಯ ಮೇಲೆ ಸಾಲಾಗಿ ಬಂದದ್ದು ಇಷ್ಟು: ಬಿಲ್, ಬಿಲ್1, ಬಿಲ್‌ನ್ಯೂ, ಬಿಲ್‌ನ್ಯೂ2, ಬಿಲ್‌ಫೈನಲ್, ಬಿಲ್‌ಓಕೆ. ಅವನು ಬಿಲ್‌ಫೈನಲ್ ಓಡಿಸಿದ. ಯಾರಾದರೂ ಅದನ್ನೇ ಓಡಿಸುತ್ತಿದ್ದರು.

ಆದರೆ ಫೈನಲ್ ಆದಮೇಲೆ ಕಟಾವು ಮತ್ತು ಸಾಗಣೆಯ ದರ ಬದಲಾಗಿತ್ತು. ನಾನು ಅದನ್ನು ತಿದ್ದಿ ಬಿಲ್‌ಓಕೆ ಎಂದು ಉಳಿಸಿದ್ದೆ. ಬೆಳಿಗ್ಗೆ ರೈತರು ಕೌಂಟರಿನ ಮುಂದೆ ಚೀಟಿ ಹಿಡಿದು ನಿಂತಾಗಲೇ ನಮಗೆ ಗೊತ್ತಾದದ್ದು, ಎಲ್ಲರ ಬಿಲ್ಲಿನಲ್ಲೂ ಹಳೆಯ ದರದಲ್ಲಿ ಕಡಿತವಾಗಿದೆ ಎಂದು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪೆಟ್ಟಿಗೆಗಟ್ಟಲೆ ಕಾಗದ ರದ್ದಿಗೆ ಹೋಯಿತು. ದೂರದ ಹಳ್ಳಿಯಿಂದ ಬಂದವರು ಒಂದು ದಿನ ಕೂಲಿ ಬಿಟ್ಟು ಮತ್ತೆ ಬರಬೇಕಾಯಿತು. ಆಪರೇಟರನ ತಪ್ಪು ಏನೂ ಇರಲಿಲ್ಲ. ಆ ಹೆಸರುಗಳನ್ನು ಇಟ್ಟವನು ನಾನು.

ಆಮೇಲೆ ನಮ್ಮ ವಿಭಾಗಕ್ಕೆ ಒಂದು ಹೆಸರಿನ ಪದ್ಧತಿ ಮಾಡಿಕೊಂಡೆವು. ಅದನ್ನು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವಿಭಾಗದಲ್ಲಿ ಮೂವರಿರಲಿ, ಮುನ್ನೂರು ಜನರಿರಲಿ, ಕ್ರಮ ಇದೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಉದಾಹರಣೆಯ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ಯಾಕೆ ಎನ್ನುವುದು ಎಂಟನೇ ಹಂತದಲ್ಲಿ ಬರುತ್ತದೆ.

ಹಂತ 1: ಇದ್ದದ್ದನ್ನೆಲ್ಲ ಪಟ್ಟಿ ಮಾಡಿ

ನಿಯಮ ಬರೆಯುವ ಮೊದಲು ಈಗ ಏನೇನಿದೆ ಎಂದು ನೋಡಿ. ಎಲ್ಲ ಪ್ರೋಗ್ರಾಮುಗಳ ಹೆಸರನ್ನೂ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿ, ಪ್ರತಿಯೊಂದರ ಮುಂದೆ ನಾಲ್ಕು ಕಾಲಂ ಹಾಕಿ: ಏನು ಮಾಡುತ್ತದೆ, ಯಾರು ಓಡಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ, ಇದನ್ನು ಕರೆಯುವ ಬೇರೆ ಪ್ರೋಗ್ರಾಮ್ ಯಾವುದು.

ಮೊದಲ ಕಾಲಂ ತುಂಬುವಾಗಲೇ ಕಷ್ಟ ಶುರುವಾಗುತ್ತದೆ. ಹೆಸರು ನೋಡಿ ಕೆಲಸ ಹೇಳಲು ಬಾರದವುಗಳಿಗೆ ಕೆಂಪು ಬಣ್ಣ ಹಚ್ಚಿ. ನಮ್ಮ ಪಟ್ಟಿಯಲ್ಲಿ ಅರ್ಧಕ್ಕೂ ಹೆಚ್ಚು ಕೆಂಪಾಗಿತ್ತು. ಕೆಲವನ್ನು ಯಾರೂ ಓಡಿಸುತ್ತಲೇ ಇರಲಿಲ್ಲ, ಆದರೂ ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಹಂತ 2: ಯಂತ್ರ ಏನನ್ನು ಒಪ್ಪುತ್ತದೆ, ತಿಳಿದುಕೊಳ್ಳಿ

ನಮ್ಮ ಬಿಲ್ಲಿನ ಪ್ರೋಗ್ರಾಮ್ ಫಾಕ್ಸ್‌ಪ್ರೋದಲ್ಲಿತ್ತು, ಡಾಸ್ ಮೇಲೆ ಓಡುತ್ತಿತ್ತು. ಡಾಸ್‌ನಲ್ಲಿ ಹೆಸರಿಗೆ 8 ಅಕ್ಷರ, ಚುಕ್ಕೆಯ ನಂತರ 3. ಬಿಲ್‌ಫೈನಲ್ ಎಂದು ಇಂಗ್ಲಿಷಿನಲ್ಲಿ ಬರೆಯಲು 9 ಅಕ್ಷರ ಬೇಕು, ಹಾಗಾಗಿ ನಾನು ನಡುವಿನ ಒಂದು ಅಕ್ಷರ ನುಂಗಿದ್ದೆ. ವಿಂಡೋಸ್ 95 ಬಂದಮೇಲೆ ಹೆಸರಿಗೆ 255 ಅಕ್ಷರದವರೆಗೂ ಜಾಗ ಸಿಕ್ಕಿತು. ಆದರೆ ಐಬಿಎಂ ಮೇನ್‌ಫ್ರೇಮಿನ ಲೈಬ್ರರಿಯಲ್ಲಿಡುವ ಪ್ರೋಗ್ರಾಮಿಗೆ ಇವತ್ತಿಗೂ 8 ಅಕ್ಷರದ ಮಿತಿ, ಅದರಲ್ಲೂ ಮೊದಲನೆಯದು ಅಂಕಿಯಾಗುವಂತಿಲ್ಲ. ಬ್ಯಾಂಕು, ವಿಮೆಯ ಕೆಲಸ ಮಾಡುವ ವಿಭಾಗದಲ್ಲಿದ್ದರೆ ಈ ಮಿತಿ ನಿಮಗೂ ಎದುರಾಗುತ್ತದೆ. ನಿಮ್ಮ ಪ್ರೋಗ್ರಾಮ್ ಓಡಬೇಕಾದ ಯಂತ್ರಗಳಲ್ಲಿ ಯಾವುದು ಅತಿ ಬಿಗಿಯೋ ಅದರ ಅಳತೆಗೇ ಪದ್ಧತಿ ಹೊಲಿಯಿರಿ.

ಇನ್ನು ಮೂರು ಹಳ್ಳಗಳಿವೆ, ಮೂರರಲ್ಲೂ ಹೊಸಬರು ಬೀಳುತ್ತಾರೆ.

ಮೊದಲನೆಯದು ಮೀಸಲು ಹೆಸರು. ನಮ್ಮಲ್ಲಿ ಒಬ್ಬರು ಕಂತ್ರಾಟುದಾರರ ಬಿಲ್ಲಿಗೆಂದು ಕಾಂಟ್ರ್ಯಾಕ್ಟರ್ ಪದದ ಮೊದಲ ಮೂರು ಅಕ್ಷರ ತೆಗೆದು ‘ಕಾನ್’ ಎಂಬ ಫೈಲು ಮಾಡಲು ಹೋದರು. ಎಷ್ಟು ಸಲ ಮಾಡಿದರೂ ಫೈಲು ಉಳಿಯದು. ಒಂದು ಮಧ್ಯಾಹ್ನ ಡಿಸ್ಕ್ ಕೆಟ್ಟಿದೆಯೆಂದೇ ಹುಡುಕಿದೆವು. ಡಾಸ್ ಕಾಲದಿಂದಲೂ ಕಾನ್ ಎಂದರೆ ಕೀಲಿಮಣೆ ಮತ್ತು ಪರದೆ, ಪಿಆರ್‌ಎನ್ ಎಂದರೆ ಪ್ರಿಂಟರ್. ಆಕ್ಸ್, ನಲ್ ಇವೂ ಹಾಗೆಯೇ ಸಾಧನಗಳಿಗೆ ಮೀಸಲಾದವು, ವಿಂಡೋಸ್‌ಗೂ ಅದೇ ಬಳುವಳಿ ಬಂದಿದೆ.

ಎರಡನೆಯದು ಭಾಷೆಯದೇ ಆದ ಹೆಸರುಗಳು. ಪೈಥಾನ್ ಕಲಿಯುತ್ತಿರುವವರು ತಮ್ಮ ಫೈಲಿಗೆ ‘ಈಮೇಲ್’ ಅಥವಾ ‘ಕ್ಯಾಲೆಂಡರ್’ ಎಂದು ಹೆಸರಿಟ್ಟರೆ, ಪೈಥಾನಿನ ಜೊತೆಗೇ ಬರುವ ಅದೇ ಹೆಸರಿನ ಮಾಡ್ಯೂಲ್ ಮರೆಯಾಗಿ ನಿಮ್ಮ ಫೈಲೇ ಎದುರಾಗುತ್ತದೆ. ಆಗ ಬರುವ ದೋಷಸಂದೇಶ ಹೆಸರಿನ ಸುದ್ದಿಯನ್ನೇ ಎತ್ತುವುದಿಲ್ಲ. ಇಡೀ ದಿನ ಬೇರೆಲ್ಲೋ ಹುಡುಕುತ್ತೀರಿ.

ಮೂರನೆಯದು ದೊಡ್ಡಕ್ಷರ, ಸಣ್ಣಕ್ಷರ. ವಿಂಡೋಸ್‌ನ ಕಣ್ಣಿಗೆ ಎರಡೂ ಒಂದೇ, ಲಿನಕ್ಸಿಗೆ ಬೇರೆ ಬೇರೆ. ಬರೆಯುವವರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿದ್ದು ಲಿನಕ್ಸ್ ಸರ್ವರಿನ ಮೇಲೆ ‘ಫೈಲು ಸಿಗಲಿಲ್ಲ’ ಎಂದು ನಿಲ್ಲುವುದು ಇದರಿಂದಲೇ. ಫೈಲಿನ ಹೆಸರು ಪೂರ್ತಿ ಸಣ್ಣಕ್ಷರದಲ್ಲೇ ಇರಲಿ. ಜಾವಾದಂಥ ಭಾಷೆ ಕ್ಲಾಸಿನ ಹೆಸರಿಗೆ ದೊಡ್ಡಕ್ಷರ ಬಯಸಿದರೆ ಅಲ್ಲಿ ಮಾತ್ರ ಅದರ ರೂಢಿಗೆ ಬಿಡಿ.

ಹಂತ 3: ದೊಡ್ಡದರಿಂದ ಚಿಕ್ಕದಕ್ಕೆ ಬನ್ನಿ

ಹೆಸರಿನೊಳಗೆ ಪದಗಳ ಸರದಿ ಹೇಗಿರಬೇಕು? ಇದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತ ಹೆಸರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎನ್ನುವಲ್ಲೂ ಅದೇ. ದೊಡ್ಡ ಗುಂಪಿನಿಂದ ಶುರುವಾಗಿ ಒಬ್ಬ ಮನುಷ್ಯನಲ್ಲಿ ಬಂದು ನಿಲ್ಲುತ್ತದೆ. ಪ್ರೋಗ್ರಾಮಿಗೂ ಇದೇ ಸರದಿ ಇಡಿ: ಮೊದಲು ವ್ಯವಸ್ಥೆ, ಆಮೇಲೆ ವಸ್ತು, ಕೊನೆಗೆ ಕೆಲಸ.

ಕೇನ್_ಬಿಲ್_ಪ್ರಿಂಟ್
ಕೇನ್_ಬಿಲ್_ಚೆಕ್
ಕೇನ್_ಕಾಟಾ_ಎಂಟ್ರಿ
ಪೇ_ಸ್ಲಿಪ್_ಪ್ರಿಂಟ್
ಸ್ಟೋರ್_ಸ್ಟಾಕ್_ಲಿಸ್ಟ್

ಪಟ್ಟಿ ತೆರೆದರೆ ಕಂಪ್ಯೂಟರ್ ಅಕ್ಷರ ಕ್ರಮದಲ್ಲಿ ಜೋಡಿಸುತ್ತದಲ್ಲ, ಆಗ ಕಬ್ಬಿನದೆಲ್ಲ ಒಂದು ಕಡೆ, ಸಂಬಳದ್ದೆಲ್ಲ ಒಂದು ಕಡೆ ತಾನಾಗಿ ಕೂಡಿಕೊಳ್ಳುತ್ತದೆ. ಇಂಗ್ಲಿಷ್ ಮಾತಿನ ಕ್ರಮದಲ್ಲಿ ಕೆಲಸವನ್ನು ಮುಂದಿಟ್ಟರೆ ಊರಿನ ಪ್ರಿಂಟುಗಳೆಲ್ಲ ಒಂದೆಡೆ ಗುಂಪಾಗಿ, ಕಬ್ಬಿನ ಬಿಲ್ಲಿನ ಪಕ್ಕದಲ್ಲಿ ಸಂಬಳದ ಚೀಟಿ ಬಂದು ಕೂರುತ್ತದೆ. ನಾವು ‘ಕಬ್ಬಿನ ಬಿಲ್ ಮುದ್ರಿಸು’ ಎನ್ನುತ್ತೇವೆ, ಕ್ರಿಯಾಪದ ಕೊನೆಗೆ. ಫೈಲಿನ ಹೆಸರಿಗೆ ಕನ್ನಡದ ಈ ವಾಕ್ಯಕ್ರಮವೇ ಹೆಚ್ಚು ಒಗ್ಗುತ್ತದೆ. ಪ್ರೋಗ್ರಾಮಿನ ಒಳಗೆ ಬರುವ ಫಂಕ್ಷನ್ನುಗಳ ಮಾತು ಬೇರೆ. ಅಲ್ಲಿ ಕೆಲಸವನ್ನು ಮುಂದಿಡುವುದೇ ಜಗತ್ತಿನ ರೂಢಿ, ಅದರ ವಿರುದ್ಧ ಹೋಗಬೇಡಿ.

8 ಅಕ್ಷರದ ಮಿತಿಯಿದ್ದರೆ ಪದಗಳಿಗೆ ಜಾಗವಿಲ್ಲ, ಸ್ಥಾನಕ್ಕೇ ಅರ್ಥ ಕೊಡಬೇಕು. ಮೊದಲ ಎರಡು ಅಕ್ಷರ ವ್ಯವಸ್ಥೆಗೆ, ಮೂರನೆಯದು ಬಗೆಗೆ (ವರದಿಯೋ, ನಮೂದೋ, ಲೆಕ್ಕವೋ), ಉಳಿದದ್ದು ಕ್ರಮಸಂಖ್ಯೆಗೆ. ಇಂಥ ಸಂಕೇತದ ಹೆಸರು ಓದಲು ಒಣಕಲು, ನಿಜ. ಆದರೆ ಫೋನಿನಲ್ಲಿ ಹೇಳಲು ಅದರಷ್ಟು ಸುಲಭ ಮತ್ತೊಂದಿಲ್ಲ. ಆದ್ದರಿಂದ ನಾವು ಉದ್ದ ಹೆಸರಿಗೆ ಬಂದಮೇಲೂ ವರದಿಗಳಿಗೆ ಒಂದು ಸಂಖ್ಯೆ ಉಳಿಸಿಕೊಂಡೆವು. ಪ್ರತಿ ಹಾಳೆಯ ಕೆಳಗಿನ ಎಡ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಸಿಆರ್ 012, ಕೇನ್_ಬಿಲ್_ಪ್ರಿಂಟ್’ ಎಂದು ಅಚ್ಚಾಗುತ್ತಿತ್ತು. ತೂಕದ ಕಾಟಾದ ಗುಮಾಸ್ತರು ‘ಹನ್ನೆರಡನೇ ನಂಬರಿನಲ್ಲಿ ಒಟ್ಟು ತಪ್ಪಾಗಿದೆ’ ಎಂದರೆ ಸಾಕು, ಯಾವ ಪ್ರೋಗ್ರಾಮ್ ತೆರೆಯಬೇಕೆಂದು ತಿಳಿಯುತ್ತಿತ್ತು. ಅದಕ್ಕೆ ಮೊದಲು ‘ಆ ಉದ್ದದ ಹಾಳೆ ಬರುತ್ತದಲ್ಲ, ಅದು’ ಎನ್ನುವುದರಿಂದ ಮಾತು ಶುರುವಾಗುತ್ತಿತ್ತು. ಬೇರೆ ಯಾವ ನಿಯಮ ಬಿಟ್ಟರೂ ಇದೊಂದನ್ನು ಬಿಡಬೇಡಿ: ಮುದ್ರಣವಾಗುವ ಪ್ರತಿ ಹಾಳೆಯ ಮೇಲೆ ಅದನ್ನು ಹೊರಡಿಸಿದ ಪ್ರೋಗ್ರಾಮಿನ ಹೆಸರಿರಲಿ.

ಹಂತ 4: ಒಂದು ವಸ್ತುವಿಗೆ ಒಂದೇ ಪದ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಇದೇ, ಹೆಚ್ಚು ಫಲ ಕೊಡುವುದೂ ಇದೇ. ನಮ್ಮ ಪ್ರೋಗ್ರಾಮುಗಳಲ್ಲಿ ಕಬ್ಬು ಕೊಡುವವರಿಗೆ ಐದು ಹೆಸರಿದ್ದವು. ಒಬ್ಬರು ಗ್ರೋವರ್ ಎಂದಿದ್ದರು, ಮತ್ತೊಬ್ಬರು ಫಾರ್ಮರ್, ಇನ್ನೊಬ್ಬರು ರೈತ. ಲೆಕ್ಕಪತ್ರ ವಿಭಾಗಕ್ಕೆ ಬರೆದವರು ಪಾರ್ಟಿ ಎಂದಿದ್ದರು. ಎಲ್ಲಕ್ಕಿಂತ ಹಳೆಯದರಲ್ಲಿ ಮೆಂಬರ್ ಎಂದಿತ್ತು.

ಒಂದು ಮಧ್ಯಾಹ್ನ ಕಬ್ಬು ವಿಭಾಗದ ಮುಖ್ಯಸ್ಥರನ್ನು, ಲೆಕ್ಕಪತ್ರದವರನ್ನು ಕೂರಿಸಿಕೊಂಡು ಯಾವ ಪದ ಇಟ್ಟುಕೊಳ್ಳೋಣ ಎಂದು ಕೇಳಿದೆವು. ಮೆಂಬರ್ ಪದ ಬರುತ್ತಿದ್ದಂತೆ ಅವರು ತಡೆದರು. ಕಾರ್ಖಾನೆಯ ಷೇರು ಇರುವವರು ಮಾತ್ರ ಸದಸ್ಯರು. ಷೇರಿಲ್ಲದೆಯೂ ಕಬ್ಬು ಕೊಡುವವರಿದ್ದಾರೆ, ಷೇರಿದ್ದೂ ಒಂದು ವರ್ಷ ಕಬ್ಬು ಬೆಳೆಯದವರೂ ಇದ್ದಾರೆ. ನಾವು ಒಂದೇ ವಸ್ತುವಿಗೆ ಐದು ಹೆಸರಿದೆ ಎಂದುಕೊಂಡಿದ್ದೆವು, ನಿಜದಲ್ಲಿ ಅಲ್ಲಿ ಎರಡು ವಸ್ತುಗಳಿದ್ದವು. ಹಳೆಯ ಒಂದು ವರದಿಯಲ್ಲಿ ಒಟ್ಟು ಯಾಕೆ ತಾಳೆಯಾಗುತ್ತಿರಲಿಲ್ಲ ಎನ್ನುವುದು ಅವತ್ತು ಬಗೆಹರಿಯಿತು. ಹೆಸರಿನ ಚರ್ಚೆಗೆ ಪ್ರೋಗ್ರಾಮರುಗಳಷ್ಟೇ ಕೂರಬಾರದು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೆ.

ಪದ ಆರಿಸುವಾಗ ಕೆಲಸ ಮಾಡುವವರ ಬಾಯಲ್ಲಿ ಏನಿದೆಯೋ ಅದನ್ನು ತೆಗೆದುಕೊಳ್ಳಿ. ತೂಕದ ಯಂತ್ರಕ್ಕೆ ವೇಬ್ರಿಡ್ಜ್ ಎಂಬ 11 ಅಕ್ಷರದ ಪದ ಬೇಕೆಂದು ನಮ್ಮಲ್ಲಿ ಕೆಲವರು ಪಟ್ಟು ಹಿಡಿದಿದ್ದರು. ಗೇಟಿನ ಕಾವಲುಗಾರನಿಂದ ಹಿಡಿದು ಗಾಡಿ ಹೊಡೆಯುವವರವರೆಗೆ ಎಲ್ಲರೂ ಅದಕ್ಕೆ ಕಾಟಾ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆದರೆ 4 ಅಕ್ಷರ. ಕಾಟಾ ಗೆದ್ದಿತು. ಕನ್ನಡ ಪದ ಇಂಗ್ಲಿಷ್ ಅಕ್ಷರದಲ್ಲಿ ಬರುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಕಾಗುಣಿತ ಒಂದೇ ಇರಬೇಕು. ತಾಲ್ಲೂಕು, ಪಹಣಿ ಇಂಥ ಪದಗಳನ್ನು ಇಂಗ್ಲಿಷಿನಲ್ಲಿ ನಾಲ್ಕು ಜನ ನಾಲ್ಕು ಬಗೆ ಬರೆಯುತ್ತಾರೆ. ಪಟ್ಟಿಯಲ್ಲಿ ಒಂದನ್ನು ನಿಗದಿ ಮಾಡಿ.

ಮೊಟಕು ಮಾಡುವುದರ ಬಗ್ಗೆಯೂ ಒಂದು ಎಚ್ಚರ. ಕೆ. ಎಸ್. ಎಂದರೆ ನರಸಿಂಹಸ್ವಾಮಿಯವರಿಗೆ ಕಿಕ್ಕೇರಿಯ ಕೆ, ನಿಸಾರ್ ಅಹಮದ್ ಅವರಿಗೆ ಕೊಕ್ಕರೆಹೊಸಹಳ್ಳಿಯ ಕೆ. ಸ್ವಂತ ಹೆಸರನ್ನೂ ಮೊಟಕು ಮಾಡಿ ಇಂಗ್ಲಿಷಿನಲ್ಲಿ ಕೆ.ಎಸ್.ಎನ್. ಎಂದಷ್ಟೇ ಬರೆದರೆ ಇಬ್ಬರೂ ಒಂದೇ ಆಗುತ್ತಾರೆ. ಪ್ರೋಗ್ರಾಮುಗಳಲ್ಲೂ ‘ಎಸ್‌ಟಿ’ ಎಂದರೆ ಸ್ಟೋರ್ ಆಗಬಹುದು, ಸ್ಟಾಕ್ ಆಗಬಹುದು, ಸ್ಟಾಫ್ ಕೂಡ ಆಗಬಹುದು. ನಾವು ಮಾಡಿಕೊಂಡ ನಿಯಮ ಹೀಗಿತ್ತು: ಪದವನ್ನು ಪೂರ್ತಿ ಬರೆಯಿರಿ, ಇಲ್ಲವೇ ಪಟ್ಟಿಯಲ್ಲಿರುವ ಮೊಟಕು ರೂಪ ಬರೆಯಿರಿ. ಆ ಹೊತ್ತಿಗೆ ಹೊಳೆದ ಮೊಟಕು ಬೇಡ. ಒಂದೇ ಒಂದು ಅಕ್ಷರ ಉಳಿಸಲು ಹೋಗಿ ಅರ್ಧ ಪದ ಮಾಡುವುದಂತೂ ಬೇಡವೇ ಬೇಡ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅವರನ್ನು, ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ ಎಂದು ಕೇಳಿದಾಗ, ‘ಕ್ರಿಯೇಟ್’ ಎಂಬ ಕರೆಯ ಹೆಸರಿನಲ್ಲಿ ಬಿಟ್ಟುಹೋದ ಕೊನೆಯ ‘ಇ’ ಅಕ್ಷರ ಸೇರಿಸುತ್ತೇನೆ ಎಂದರಂತೆ. ಆ ಅಕ್ಷರ ಇಂದಿಗೂ ಸೇರಿಲ್ಲ. ಲೋಕದ ತುಂಬ ಪ್ರೋಗ್ರಾಮುಗಳು ಆ ಅರ್ಧ ಹೆಸರನ್ನೇ ಕರೆಯುತ್ತಿರುವಾಗ ಸೇರಿಸುವುದಾದರೂ ಹೇಗೆ?

ಹಂತ 5: ಕೆಲಸದ ಪದಗಳು ಏಳೆಂಟು ಸಾಕು

ಎಂಟ್ರಿ, ಚೆಕ್, ಕ್ಯಾಲ್ಕ್, ಪೋಸ್ಟ್, ಲಿಸ್ಟ್, ಪ್ರಿಂಟ್, ಲೋಡ್, ಕ್ಲೋಸ್. ನಮ್ಮ ಕಾರ್ಖಾನೆಯ ಎಲ್ಲ ಪ್ರೋಗ್ರಾಮುಗಳೂ ಇಷ್ಟರೊಳಗೆ ಬಂದವು. ಪ್ರತಿಯೊಂದಕ್ಕೂ ಒಂದು ಸಾಲಿನ ವಿವರಣೆ ಬರೆದಿಡಿ. ವಿಶೇಷವಾಗಿ ಯಾವುದು ಡೇಟಾ ಬದಲಿಸುತ್ತದೆ, ಯಾವುದು ಬರೀ ಓದುತ್ತದೆ ಎನ್ನುವುದು ಪದದಲ್ಲೇ ತಿಳಿಯಬೇಕು. ಚೆಕ್, ಲಿಸ್ಟ್, ಪ್ರಿಂಟ್ ಇವನ್ನು ಎಷ್ಟು ಸಲ ಓಡಿಸಿದರೂ ಹಾನಿಯಿಲ್ಲ. ಪೋಸ್ಟ್ ಮತ್ತು ಕ್ಲೋಸ್ ಎರಡನೇ ಸಲ ಓಡಿದರೆ ಖಾತೆ ಕೆಡುತ್ತದೆ. ರಾತ್ರಿ ಪಾಳಿಯವರಿಗೆ ಈ ಒಂದು ಭೇದ ಹೆಸರಿನಲ್ಲೇ ಕಂಡರೆ ಅರ್ಧ ಭಯ ಕಳೆಯುತ್ತದೆ. ‘ಪ್ರೊಸೆಸ್’, ‘ಮೇನ್’, ‘ಯುಟಿಲ್’ ಇಂಥವು ಪಟ್ಟಿಗೆ ಬರದಂತೆ ನೋಡಿಕೊಳ್ಳಿ, ಅವು ಏನನ್ನೂ ಹೇಳುವುದಿಲ್ಲ.

ಹಂತ 6: ಬದಲಾಗುವುದನ್ನು ಹೆಸರಿನೊಳಗೆ ಬಿಡಬೇಡಿ

ನಾನು ಈ ಬರಹ ಬರೆಯುತ್ತಿರುವುದೇ ಈ ಒಂದು ಹಂತಕ್ಕಾಗಿ ಎಂದರೂ ತಪ್ಪಿಲ್ಲ. ಹೆಸರು ಒಂದು ಸಲ ಬಿದ್ದರೆ ಹತ್ತು ಕಡೆ ಬೇರು ಬಿಡುತ್ತದೆ. ಅದರೊಳಗೆ ನಾಳೆ ಬದಲಾಗುವ ಸಂಗತಿ ಏನಾದರೂ ಇದ್ದರೆ, ಬದಲಾದ ದಿನದಿಂದ ಆ ಹೆಸರು ಸುಳ್ಳು ಹೇಳತೊಡಗುತ್ತದೆ.

ನಿಮ್ಮಲ್ಲಿ ವಿಂಡೋಸ್ ಇದ್ದರೆ ಈಗಲೇ ನೋಡಿ. ಅದರೊಳಗೆ ಸಿಸ್ಟಮ್32 ಎಂಬ ಫೋಲ್ಡರ್ ಇದೆ. ಯಂತ್ರ 64 ಬಿಟ್‌ನದಾದರೆ ಅದರಲ್ಲಿರುವುದು 64 ಬಿಟ್‌ನ ಫೈಲುಗಳು. 32 ಬಿಟ್‌ನವು ಇರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. ಹೆಸರು ಎರಡೂ ತಿರುಗುಮುರುಗು. ಒಂದು ಕಾಲಕ್ಕೆ 32 ಎನ್ನುವುದು ಹೊಸ ಸಂಗತಿಯಾಗಿತ್ತು, ಅದನ್ನು ಹೆಸರಿಗೆ ಸೇರಿಸಿದರು. ಯಂತ್ರ ಮುಂದೆ ಹೋಯಿತು, ಅಸಂಖ್ಯಾತ ಪ್ರೋಗ್ರಾಮುಗಳು ಆ ಹೆಸರನ್ನೇ ನೆಚ್ಚಿಕೊಂಡಿದ್ದರಿಂದ ಹೆಸರು ಅಲ್ಲೇ ಉಳಿಯಿತು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ, ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಮಾಡುತ್ತಿದ್ದ ಶಾಸನಬದ್ಧ ಕನಿಷ್ಠ ಬೆಲೆ, ಅಂದರೆ ಎಸ್‌ಎಂಪಿ, 2009–10ರ ಹಂಗಾಮಿನಿಂದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಎಫ್‌ಆರ್‌ಪಿ, ಆಯಿತು. ನಮ್ಮಲ್ಲಿ ‘ಎಸ್‌ಎಂಪಿ’ ಎಂದು ಶುರುವಾಗುವ ಹೆಸರುಗಳು ಎಫ್‌ಆರ್‌ಪಿಯ ಲೆಕ್ಕ ಮಾಡುತ್ತಾ ವರ್ಷಗಟ್ಟಲೆ ಓಡಿದವು. ಕೇನ್_ಪ್ರೈಸ್_ಕ್ಯಾಲ್ಕ್ ಎಂದಿದ್ದರೆ ಏನೂ ಕೆಡುತ್ತಿರಲಿಲ್ಲ. ತೆರಿಗೆಯೂ ಹಾಗೆಯೇ. ಕರ್ನಾಟಕದಲ್ಲಿ ಮಾರಾಟ ತೆರಿಗೆ 2005ರ ಏಪ್ರಿಲಿನಲ್ಲಿ ವ್ಯಾಟ್ ಆಯಿತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ವ್ಯಾಟ್ ಎಂದು ಹೆಸರಿಟ್ಟವರು ಹನ್ನೆರಡು ವರ್ಷಕ್ಕೆ ಸಿಕ್ಕಿಬಿದ್ದರು. ಬರೀ ಟ್ಯಾಕ್ಸ್ ಎಂದಿಟ್ಟವರು ಆರಾಮಾಗಿದ್ದಾರೆ.

ಊರಿನ ಹೆಸರೂ ನಿಲ್ಲುವುದಿಲ್ಲ. 2014ರ ನವೆಂಬರ್ 1ರಂದು ಒಂದೇ ದಿನ ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಬೆಲ್ಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ಗೋದಾಮು ಇರುವ ಊರಿನ ಹೆಸರನ್ನು ಪ್ರೋಗ್ರಾಮಿಗೆ ಇಟ್ಟಿದ್ದವರ ಪಾಡು ಊಹಿಸಿ. ರೈಲ್ವೆಯವರ ಜಾಣತನ ಇಲ್ಲಿ ನೋಡುವಂಥದ್ದು. ಬೆಂಗಳೂರಿನ ದೊಡ್ಡ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದಮೇಲೂ ಅದರ ಸಂಕೇತ ಎಸ್‌ಬಿಸಿಯೇ. ಹೊಲದ ಸರ್ವೆ ನಂಬರು ಇನ್ನೂ ಹಳೆಯ ಪಾಠ. ಮಾಲೀಕ ಬದಲಾದರೂ ನಂಬರು ಅದೇ. ಹೊಲ ಇಬ್ಭಾಗವಾದರೆ 45/1, 45/2 ಎಂದು ಹಿಸ್ಸೆ ಬೀಳುತ್ತದೆಯೇ ಹೊರತು ಯಾರೂ ಹೊಲವನ್ನು ಯಜಮಾನನ ಹೆಸರಿನಲ್ಲಿ ಗುರುತಿಸಲು ಹೋಗುವುದಿಲ್ಲ. ಪ್ರೋಗ್ರಾಮಿಗೆ ಅದನ್ನು ಬರೆದವರ ಹೆಸರಿಡುವುದು ಇದೇ ಕಾರಣಕ್ಕೆ ಸಲ್ಲದು. ಅವರು ಕೆಲಸ ಬಿಟ್ಟು ಹೋದಮೇಲೂ ಅವರ ಹೆಸರಿನ ಫೈಲು ಪ್ರತಿ ತಿಂಗಳ ಕೊನೆಗೆ ಓಡುತ್ತಿರುತ್ತದೆ, ಕೇಳಲು ಅವರು ಇರುವುದಿಲ್ಲ.

ಹಾಗಾದರೆ ನ್ಯೂ, ಓಲ್ಡ್, ಫೈನಲ್, ಓಕೆ, 2? ಯಾವುದೂ ಬೇಡ. ಒಂದು ಕೆಲಸಕ್ಕೆ ಒಂದೇ ಫೈಲು, ಒಂದೇ ಹೆಸರು. ಹಿಂದಿನ ರೂಪಗಳನ್ನು ಗಿಟ್‌ನಂಥ ವ್ಯವಸ್ಥೆ ನೆನಪಿಡುತ್ತದೆ, ಯಾವತ್ತು ಯಾರು ಏನು ತಿದ್ದಿದರು ಎನ್ನುವುದರ ಸಮೇತ. ಗಿಟ್ ಕಲಿಯಲು ಒಂದು ವಾರ ಹಿಡಿಯಲಿ, ಪರವಾಗಿಲ್ಲ. ಅದಿಲ್ಲದೆ ಈ ನಿಯಮ ನಿಲ್ಲುವುದು ಕಷ್ಟ.

ಬದಲಾಗದ ಒಂದನ್ನು ಮಾತ್ರ ಧಾರಾಳವಾಗಿ ಸೇರಿಸಿ: ಅಳತೆಯ ಮಾನ. ಕಾಟಾದಲ್ಲಿ ಕಿಲೋ ಬರುತ್ತದೆ, ಬಿಲ್ಲಿನಲ್ಲಿ ಟನ್ನು, ಸಕ್ಕರೆ ಗೋದಾಮಿನಲ್ಲಿ ಕ್ವಿಂಟಲ್. ಫೈಲಿನಿಂದ ಫೈಲಿಗೆ ದಾಟುವ ಕಾಲಂಗಳಿಗೆ ತೂಕ_ಕೆಜಿ, ತೂಕ_ಟನ್ ಎಂದೇ ಬರೆಯಿರಿ. 1999ರ ಸೆಪ್ಟೆಂಬರಿನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಬಳಿ ಕಳೆದುಹೋದದ್ದು ಇಂಥ ಗೊಂದಲದಿಂದಲೇ. ಒಂದು ಪ್ರೋಗ್ರಾಮ್ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ನ್ಯೂಟನ್ನಿನದೆಂದು ಓದಿಕೊಂಡಿತ್ತು.

ಹಂತ 7: ಅಂಕಿ, ದಿನಾಂಕ, ಗೆರೆ

ಇವು ಸಣ್ಣ ನಿಯಮಗಳು, ಒಂದು ಗಂಟೆಯಲ್ಲಿ ತೀರ್ಮಾನವಾಗುತ್ತವೆ. ಕ್ರಮಸಂಖ್ಯೆಗೆ ಮುಂದೆ ಸೊನ್ನೆ ಹಾಕಿ: 001, 002. ಇಲ್ಲದಿದ್ದರೆ ಪಟ್ಟಿಯಲ್ಲಿ 1ರ ಹಿಂದೆ 10 ಬಂದು ನಿಲ್ಲುತ್ತದೆ, 2 ಎಲ್ಲೋ ಕೆಳಗೆ ಸಿಗುತ್ತದೆ. ಪ್ರೋಗ್ರಾಮಿನ ಹೆಸರಿಗೆ ದಿನಾಂಕ ಬೇಡ, ಆದರೆ ಅದು ಹೊರಡಿಸುವ ಫೈಲಿಗೆ ಬೇಕಾಗುತ್ತದೆ. ಆಗ ವರ್ಷ, ತಿಂಗಳು, ದಿನ ಎಂಬ ಸರದಿಯಲ್ಲಿ 2024-12-07 ಎಂದು ಬರೆಯಿರಿ, ಕಾಲಾನುಕ್ರಮ ತಾನಾಗಿ ಬರುತ್ತದೆ. ಪದಗಳ ನಡುವೆ ಖಾಲಿ ಜಾಗ ಬಿಡಬೇಡಿ, ಆಜ್ಞೆಯ ಸಾಲಿನಲ್ಲಿ ಅದು ಒಂದು ಹೆಸರನ್ನು ಎರಡಾಗಿ ಮುರಿಯುತ್ತದೆ. ಅಡಿಗೆರೆಯೋ ಅಡ್ಡಗೆರೆಯೋ ಯಾವುದಾದರೂ ಒಂದು. ಅಡ್ಡಗೆರೆ ಇರುವ ಫೈಲನ್ನು ಪೈಥಾನ್ ಮಾಡ್ಯೂಲ್ ಆಗಿ ಸೇರಿಸಿಕೊಳ್ಳಲು ಬರುವುದಿಲ್ಲ, ಅದು ಕಳೆಯುವ ಚಿಹ್ನೆಯಾಗಿಬಿಡುತ್ತದೆ. ಆದ್ದರಿಂದ ನನ್ನ ಮತ ಅಡಿಗೆರೆಗೆ.

ಹೆಸರಿನ ರಿಜಿಸ್ಟರನ್ನು ಎಕ್ಸೆಲ್‌ನಲ್ಲಿ ಇಡುತ್ತೀರಾದರೆ ಆ ಕಾಲಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿ. ಇಲ್ಲದಿದ್ದರೆ 001 ಹೋಗಿ 1 ಆಗುತ್ತದೆ, ‘ಮಾರ್ಚ್1’ ಎಂಬ ಸಂಕೇತ ದಿನಾಂಕವಾಗುತ್ತದೆ. ಮನುಷ್ಯರ ಜೀನುಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ಸಮಿತಿ ಈ ಕಾಟ ತಾಳಲಾರದೆ ಜೀನುಗಳ ಹೆಸರನ್ನೇ ಬದಲಿಸಿದ ಸುದ್ದಿ 2020ರಲ್ಲಿ ಹೊರಬಂತು. ಮಾರ್ಚ್1 ಮಾರ್ಚ್‌ಎಫ್1 ಆಯಿತು, ಸೆಪ್ಟ್1 ಸೆಪ್ಟಿನ್1 ಆಯಿತು.

ಹಂತ 8: ಕನ್ನಡ ಅಕ್ಷರ ಎಲ್ಲಿ ಬೇಕು, ಎಲ್ಲಿ ಬೇಡ

ಕನ್ನಡದಲ್ಲೇ ಫೈಲಿನ ಹೆಸರಿಡಬಾರದೇಕೆ ಎಂದು ನಾನೂ ಆಸೆಪಟ್ಟವನು. ಈಗಿನ ಯಂತ್ರಗಳು ಯೂನಿಕೋಡ್ ಒಪ್ಪುತ್ತವೆ, ಪೈಥಾನಿನಲ್ಲಿ ಕನ್ನಡ ಅಕ್ಷರದ ಹೆಸರುಗಳೂ ನಡೆಯುತ್ತವೆ. ತೊಡಕು ಇರುವುದು ಕಣ್ಣಿಗೆ ಕಾಣದ ಕಡೆ. ‘ರಾಜ್‌ಕುಮಾರ್’ ಎಂದು ಒತ್ತಕ್ಷರವಾಗದಂತೆ ಬರೆಯಬೇಕಾದರೆ ಜ್ ಮತ್ತು ಕು ನಡುವೆ ಅಗೋಚರವಾದ ಒಂದು ಚಿಹ್ನೆ ಕೂರಬೇಕು. ಪೈಥಾನ್ ಹೆಸರಿನೊಳಗೆ ಆ ಚಿಹ್ನೆ ಕಂಡರೆ ದೋಷ ಎನ್ನುತ್ತದೆ. ‘ಬಿಲ್‌ಓಕೆ’ ಎಂಬಲ್ಲಿ ಆ ಚಿಹ್ನೆ ಇದ್ದರೂ ಇಲ್ಲದಿದ್ದರೂ ಪರದೆಯ ಮೇಲೆ ಒಂದೇ ರೀತಿ ಕಾಣುತ್ತದೆ, ಯಂತ್ರಕ್ಕೆ ಅವು ಎರಡು ಬೇರೆ ಹೆಸರು. ‘ಕೋಲಾರ’ದ ಕೋ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಉಳಿಸಬಹುದು, ಮೂರು ತುಂಡಾಗಿಯೂ ಉಳಿಸಬಹುದು. ಲಿನಕ್ಸಿನಲ್ಲಿ ಹೀಗೆ ಒಂದೇ ಫೋಲ್ಡರಿನೊಳಗೆ ಎರಡು ‘ಕೋಲಾರ’ ಫೈಲುಗಳು ಅಕ್ಕಪಕ್ಕ ಕೂರಬಹುದು. ಯಾವುದು ಯಾವುದೆಂದು ಬರಿಗಣ್ಣಿಗೆ ತಿಳಿಯದು.

ಅದಕ್ಕಾಗಿ ಫೈಲಿನ ಹೆಸರಿಗೆ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಅಡಿಗೆರೆ ಇಷ್ಟೇ ಸಾಕು. ಕನ್ನಡಕ್ಕೆ ಅದಕ್ಕಿಂತ ಮುಖ್ಯವಾದ ಜಾಗ ಕೊಡಿ: ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ಅದು ಮಾಡುವ ಕೆಲಸದ ಕನ್ನಡ ವಿವರಣೆ, ಮೆನುವಿನಲ್ಲಿ ಕನ್ನಡ ಹೆಸರು, ರೈತರ ಕೈಗೆ ಹೋಗುವ ಚೀಟಿಯ ಮೇಲೆ ಕನ್ನಡ ತಲೆಬರಹ.

ಹಂತ 9: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಹೆಸರಿನ ಮಾದರಿ ಒಂದು ಸಾಲು, ವ್ಯವಸ್ಥೆಗಳ ಪಟ್ಟಿ, ವಸ್ತುಗಳ ಪಟ್ಟಿ, ಕೆಲಸದ ಪದಗಳು, ನಿಷಿದ್ಧ ಪದಗಳು, ಐದು ಉದಾಹರಣೆ. ಒಂದು ಹಾಳೆ ಮೀರಿದರೆ ಯಾರೂ ಓದುವುದಿಲ್ಲ. ಪ್ರೋಗ್ರಾಮಿನ ಒಳಗಿನ ಹೆಸರುಗಳಿಗೆ ಹೊಸ ನಿಯಮ ಕಟ್ಟುವ ಶ್ರಮ ಬೇಡ. ಪೈಥಾನಿಗೆ 2001ರಿಂದಲೂ ಪೆಪ್ 8 ಎಂಬ ಕೈಪಿಡಿ ಇದೆ, ಜಾವಾಕ್ಕೂ ಅದರದೇ ರೂಢಿಯಿದೆ, ‘ಅದನ್ನೇ ಅನುಸರಿಸಿ’ ಎಂದು ಒಂದು ಸಾಲು ಬರೆದರೆ ಆಯಿತು.

ಹೊಸ ಪದ ಸೇರಿಸುವ ಅಧಿಕಾರ ಒಬ್ಬರ ಕೈಯಲ್ಲಿರಲಿ. ಅವರು ಹಿರಿಯರೇ ಆಗಬೇಕಿಲ್ಲ, ಕೇಳಿದ ದಿನವೇ ಉತ್ತರ ಕೊಡುವವರಾದರೆ ಸಾಕು. ಉತ್ತರ ತಡವಾದರೆ ಜನ ತಮಗೆ ತೋಚಿದ ಹೆಸರಿಟ್ಟು ಮುಂದೆ ಹೋಗುತ್ತಾರೆ. ಸಾಧ್ಯವಾದರೆ ಗಿಟ್‌ಗೆ ಫೈಲು ಸೇರುವ ಮೊದಲು ಹೆಸರನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದಿಡಿ. ಯಂತ್ರ ಬೇಡವೆಂದರೆ ಯಾರಿಗೂ ಬೇಸರವಾಗುವುದಿಲ್ಲ.

ಹಂತ 10: ಹಳೆಯ ಹೆಸರುಗಳನ್ನು ನಿಧಾನವಾಗಿ ಬದಲಿಸಿ

ಹೊಸ ಪದ್ಧತಿಯ ಉತ್ಸಾಹದಲ್ಲಿ ಒಂದೇ ರಾತ್ರಿ ಎಲ್ಲವನ್ನೂ ಬದಲಿಸಲು ಹೋಗಬೇಡಿ. ಹಳೆಯ ಹೆಸರು ಬ್ಯಾಚ್ ಫೈಲಿನಲ್ಲಿರುತ್ತದೆ, ನಿಗದಿತ ಹೊತ್ತಿಗೆ ತಾನಾಗಿ ಓಡಿಸುವ ಕ್ರಾನ್ ಪಟ್ಟಿಯಲ್ಲಿರುತ್ತದೆ, ಯಾರದೋ ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿನಲ್ಲಿ, ಆಪರೇಟರ್ ಮೇಜಿನ ಗಾಜಿನಡಿ ಇಟ್ಟ ಚೀಟಿಯಲ್ಲೂ ಇರುತ್ತದೆ. ಹೊಸದಾಗಿ ಬರೆಯುವ ಪ್ರೋಗ್ರಾಮಿಗೆ ಇವತ್ತಿನಿಂದಲೇ ಹೊಸ ನಿಯಮ. ಹಳೆಯದಕ್ಕೆ ಒಂದು ಸಲಕ್ಕೆ ಒಂದು ವ್ಯವಸ್ಥೆ, ಅದೂ ಕೆಲಸದ ಒತ್ತಡ ಇಳಿದಾಗ. ನಾವು ಕಬ್ಬಿನ ವ್ಯವಸ್ಥೆಯನ್ನು ಹಂಗಾಮು ಮುಗಿದಮೇಲೇ ಮುಟ್ಟಿದ್ದು.

ಹೆಸರು ಬದಲಿಸಿದಾಗ ಹಳೆಯ ಹೆಸರಿನಲ್ಲೊಂದು ಚಿಕ್ಕ ಫೈಲು ಉಳಿಸಿ. ಅದರ ಕೆಲಸ ಎರಡೇ: ಹೊಸದನ್ನು ಕರೆಯುವುದು, ತನ್ನನ್ನು ಯಾರು ಯಾವಾಗ ಕರೆದರು ಎಂದು ಒಂದು ಕಡತದಲ್ಲಿ ಬರೆಯುವುದು. ಪೂರ್ತಿ ಒಂದು ವರ್ಷ ಅದನ್ನು ಬಿಡಿ. ಮಾರ್ಚ್ ಕೊನೆಗೊಮ್ಮೆ, ಬೋನಸ್ಸಿಗೊಮ್ಮೆ ಮಾತ್ರ ಓಡುವ ಪ್ರೋಗ್ರಾಮುಗಳು ಇರುತ್ತವಲ್ಲ. ವರ್ಷವಿಡೀ ಯಾರೂ ಕರೆದಿಲ್ಲವೆಂದು ಕಡತ ಹೇಳಿದರೆ ಅಳಿಸಿ.

ಪದ್ಧತಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹೊಸದಾಗಿ ಸೇರಿದವರನ್ನು ಕೂರಿಸಿ. ನಮ್ಮಲ್ಲಿ ಆಗಷ್ಟೇ ಬಂದಿದ್ದ ತರುಣಿಯೊಬ್ಬರಿಗೆ ಫೈಲುಗಳ ಪಟ್ಟಿ, ಆ ಒಂದು ಹಾಳೆ, ಹತ್ತು ಪ್ರಶ್ನೆ ಕೊಟ್ಟೆವು. ಹೋದ ವಾರದ ಕಾಟಾ ತೂಕ ತಾಳೆ ನೋಡಬೇಕು, ಯಾವುದನ್ನು ಓಡಿಸುತ್ತೀರಿ? ಈ ಥರ. ಒಂಬತ್ತಕ್ಕೆ ಯಾರನ್ನೂ ಕೇಳದೆ ಸರಿಯಾಗಿ ಬೆರಳಿಟ್ಟರು. ಹತ್ತನೆಯದು, ರೈತರು ಬಿಲ್ಲಿನ ಚೀಟಿ ಕಳೆದುಕೊಂಡರೆ ಮತ್ತೊಂದು ಕೊಡುವುದು. ಅದನ್ನು ನಾವು ಕೇನ್_ಬಿಲ್_ಲಿಸ್ಟ್ ಎಂದು ಇಟ್ಟಿದ್ದೆವು, ಯಾಕೆ ಎಂದು ಅವರು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಅವತ್ತೇ ಸಂಜೆ ಹಾಳೆಯ ಕೆಲಸದ ಪದಗಳ ಸಾಲಿಗೆ ಅವರ ಕೈಬರಹದಲ್ಲೇ ಒಂಬತ್ತನೆಯದೊಂದು ಸೇರಿತು: ರೀಪ್ರಿಂಟ್.